ಮಾರದೆ ಇಟ್ಟ ಅನಿಲ

"ಗುರುಗಳೇ, ಒಪ್ಪಂದವನ್ನು ನಾನು ಮುರಿಯದಿದ್ದರೆ ಸಾಲದೆ? ಅದಕ್ಕಿಂತ ಹೆಚ್ಚಿಗೆ ನನ್ನಿಂದ ಏನಾಗಬೇಕು?"

ಕೇಳಿದವನು ಮರಿದೇವನೆಂಬ ಶಿಷ್ಯ. ಬಿಸಿಲಿನ ವಿಷಕಿರಣವನ್ನು ತಡೆಯುವ ಓಝೋನ್ ಪದರ ತೆಳುವಾಗುತ್ತಿದೆಯೆಂದು ತಿಳಿದಾಗ ಲೋಕದ ದೇಶಗಳೆಲ್ಲ ಕೂತು ಒಂದು ಒಪ್ಪಂದಕ್ಕೆ ಬಂದ ಸಂಗತಿಯನ್ನು ಗುರುಗಳು ಆಗಷ್ಟೇ ಹೇಳಿ ಮುಗಿಸಿದ್ದರು. ಪ್ರಶ್ನೆಗೆ ಉತ್ತರವಾಗಿ ಅವರು ಒಂದು ಕಥೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ವ್ಯಾಪಾರಿಯಿದ್ದ. ಫ್ರಿಜ್ ರಿಪೇರಿ ಮಾಡುವವರಿಗೆ ಅನಿಲದ ಸಿಲಿಂಡರು ಮಾರುವುದು ಅವನ ಕಸುಬು. ಆ ಅನಿಲ ಸೋರಿದರೆ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಆದರೆ ಮೆಲ್ಲಗೆ ಮೇಲೇರಿ ಓಝೋನನ್ನು ತಿನ್ನುತ್ತದೆ. ಆದ್ದರಿಂದ ಒಪ್ಪಂದದಂತೆ ಅಪ್ಪಣೆಯಾಯಿತು: ಇಂಥ ದಿನದಿಂದ ಅದನ್ನು ಯಾರೂ ಮಾರಕೂಡದು, ಉಳಿದದ್ದನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಅಲ್ಲಿ ಅದನ್ನು ನಾಶಮಾಡುತ್ತಾರೆ.

ವ್ಯಾಪಾರಿ ಕೆಟ್ಟವನಲ್ಲ, ಪುಕ್ಕಲ. ಗಡುವು ಮುಂದೆ ಹೋಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಗೋದಾಮು ತುಂಬ ಸಿಲಿಂಡರು ತಂದಿಟ್ಟಿದ್ದ. ಗಡುವು ಮುಂದೆ ಹೋಗಲಿಲ್ಲ. ಈಗ ಒಪ್ಪಿಸಲು ಹೋದರೆ, ಇಷ್ಟೊಂದು ಯಾಕೆ ಕೂಡಿಟ್ಟೆ ಎಂದು ಹಿಡಿದು ಕೂರಿಸಿಯಾರು ಎಂಬ ದಿಗಿಲು. ಗೋದಾಮಿಗೆ ಬೀಗ ಜಡಿದ.

ಅಂದಿನಿಂದ ಅವನಿಗೆ ನೆಮ್ಮದಿಯಿಲ್ಲ. ಬೀದಿಯಲ್ಲಿ ಜೀಪು ನಿಂತರೆ ಹಿತ್ತಲಿಗೆ ಸರಿಯುತ್ತಿದ್ದ. ಗುರುತಿಲ್ಲದವರು ಹೆಸರು ಹಿಡಿದು ಕರೆದರೆ ಕೇಳದವನಂತೆ ನಡೆದುಬಿಡುತ್ತಿದ್ದ. ಉಣ್ಣುವಾಗ ನಡುವೆಯೇ ಎದ್ದು ಹೋಗಿ ಗೋದಾಮಿನ ಬೀಗ ಜಗ್ಗಿ ನೋಡಿ ಬರುವನು. ಬಾಗಿಲು ತೆರೆದು ಒಳಗೆ ಕಾಲಿಡುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ದಿನ ಕಳ್ಳಪೇಟೆಯವನೊಬ್ಬ ಬಂದು, ಎಲ್ಲವನ್ನೂ ಸದ್ದಿಲ್ಲದೆ ಸಾಗಿಸುತ್ತೇನೆ ಎಂದ. ವ್ಯಾಪಾರಿ ಅವನನ್ನು ಬೈದು ಅಟ್ಟಿದ. ಅಂದು ಹೆಂಡತಿಯೆದುರು ತಲೆಯೆತ್ತಿ ಕೂತ.

"ನೋಡಿದೆಯಾ? ಒಂದು ಸಿಲಿಂಡರೂ ಮಾರಿಲ್ಲ. ನಾನು ಯಾವ ಒಪ್ಪಂದ ಮುರಿದಿದ್ದೇನೆ?"

"ಮಾರಿಲ್ಲ, ಸರಿ. ಕೊಟ್ಟೂ ಇಲ್ಲವಲ್ಲ," ಎಂದಳು ಹೆಂಡತಿ. "ಇವತ್ತೇ ಹೋಗಿ ಕೊಟ್ಟು ಬನ್ನಿ. ನಿಮ್ಮ ಸಂಕಟ ನನ್ನಿಂದ ನೋಡಲಾಗುವುದಿಲ್ಲ."

"ಈಗಿರುವ ಸಾಹೇಬರು ಬಲು ಕಟ್ಟುನಿಟ್ಟು. ಅವರು ವರ್ಗವಾಗಲಿ, ನೋಡೋಣ."

ಆ ಸಾಹೇಬರಿಗೆ ವರ್ಗವಾಯಿತು. ಇನ್ನೊಬ್ಬರು ಬಂದರು, ಅವರೂ ಹೋದರು. ಮಳೆಗಾಲದ ಮೇಲೆ ಮಳೆಗಾಲ ಕಳೆದು ಗೋದಾಮಿನ ಗೋಡೆ ಒಸರತೊಡಗಿತು. ವ್ಯಾಪಾರಿಯ ತಲೆ ನರೆಯಿತು. ದಿಗಿಲು ಮಾತ್ರ ನರೆಯಲಿಲ್ಲ. ಕೊನೆಗೊಮ್ಮೆ ಅದನ್ನು ಹೊತ್ತು ಹೊತ್ತು ಸಾಕಾಗಿ, ಆದದ್ದಾಗಲಿ ಎಂದು ತಾನೇ ಕಚೇರಿಗೆ ಹೋದ. ಇದ್ದದ್ದನ್ನು ಇದ್ದಂತೆ ಹೇಳಿ ಅಧಿಕಾರಿಯನ್ನು ಕರೆತಂದ.

ಕೀಲಿಗೆ ಬೀಗ ಬಗ್ಗಲಿಲ್ಲ, ಒಡೆಯಬೇಕಾಯಿತು. ಅಧಿಕಾರಿ ಮೊದಲ ಸಿಲಿಂಡರು ಎತ್ತಲು ಎರಡೂ ಕೈ ಹಾಕಿದರು. ಅದು ಒಂದೇ ಕೈಗೆ ಬಂತು. ಪಕ್ಕದ್ದೂ ಹಗುರ. ಅದರಾಚೆಯದೂ ಹಗುರ. ವಾಲ್ವುಗಳು ತುಕ್ಕು ತಿಂದು ಸಡಿಲಾಗಿದ್ದವು. ಗೋದಾಮಿನ ತುಂಬ ಬರೀ ಖಾಲಿ ಕಬ್ಬಿಣ.

ಅಧಿಕಾರಿ ಕೈ ಒರೆಸಿಕೊಂಡರು.

"ಒಳಗೆ ಏನೂ ಇಲ್ಲದ ಮೇಲೆ ಕೇಸು ಯಾವುದರ ಮೇಲೆ ಹಾಕಲಿ, ಯಜಮಾನರೇ? ಗುಜರಿಗೆ ಹಾಕಿಬಿಡಿ."

ಅವರು ಹೊರಟುಹೋದ ಮೇಲೆ ವ್ಯಾಪಾರಿ ಹೊಸ್ತಿಲ ಮೇಲೆ ಕುಸಿದು ಕೂತ. ಮೊದಲು ನಕ್ಕ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಓಡಿಬಂದ ಹೆಂಡತಿಗೆ, "ಬದುಕಿಕೊಂಡೆ ಕಣೇ," ಎಂದ. ಎಷ್ಟೋ ವರ್ಷಗಳ ಮೇಲೆ ಅಂದು ಹೊಟ್ಟೆ ತುಂಬ ಉಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕೇಳುತ್ತಿದ್ದ ಮರಿದೇವನ ಮುಖ ಸಡಿಲವಾಯಿತು.

"ಅಂತೂ ಪಾರಾದನಲ್ಲ, ಗುರುಗಳೇ. ಪಾಪ, ಅವನ ಭಯ ಅವನೊಂದಿಗೇ ಮುಗಿಯಿತು."

"ಅವನು ಸತ್ತೂ ಆಯಿತು, ಮರಿದೇವ. ಆದರೆ ಆ ಅನಿಲ ಇವತ್ತೂ ನಿನ್ನ ತಲೆಯ ಮೇಲಿದೆ," ಎಂದರು ಗುರುಗಳು.