ತುಂಬೆಯ ಹೊಟ್ಟೆಯೊಳಗಿನ ಜನ

ಹಾಲು ಮೊಸರಾಗಲೆಂದು ಅದಕ್ಕೆ ನಿನ್ನೆಯ ಮೊಸರು ಒಂದು ತೊಟ್ಟು ಹಾಕುತ್ತೇವಲ್ಲ, ಆ ತೊಟ್ಟಿಗೆ ನಮ್ಮೂರಲ್ಲಿ ಒಂದು ಹೆಸರಿತ್ತು. ಹೆ... ಹೆಬ್ಬು? ಅಲ್ಲ. ಹೆಕ್ಕು? ಅದೂ ಅಲ್ಲ. ಮೊಸರನ್ನು ಪ್ಯಾಕೆಟ್ಟಿನಲ್ಲಿ ಕೊಂಡು ತಿನ್ನುವ ಈ ದೂರದ ಊರಿಗೆ ಬಂದ ಮೇಲೆ ನನ್ನ ಮಾತುಗಳು ಒಂದೊಂದೇ ಜಾರಿಹೋಗುತ್ತಿವೆ. ಇರಲಿ, ಕಥೆ ಶುರುವಾದರೆ ಅದೇ ಬಂದೀತು. ಹತ್ತಿರ ಬನ್ನಿ ಮಕ್ಕಳೇ.

ಏಳು ಬೆಟ್ಟದ ಆಚೆ ಒಂದು ರಾಜ್ಯ. ಅಲ್ಲಿನ ಅರಮನೆಯ ಕೊಟ್ಟಿಗೆಯಲ್ಲಿ ತುಂಬೆ ಅಂತ ಒಂದು ಹಸು. ತುಂಬೆ ಹೂವಿನ ಹಾಗೇ ಬಿಳುಪು. ಅವಳಿಗೊಂದು ಎಳೆಗರು.

ತುಂಬೆಯ ಹೊಟ್ಟೆಯೊಳಗೆ ಒಂದು ಊರೇ ಇತ್ತು. ಒಂದು ಸಾಸಿವೆ ಕಾಳಿನ ಮೇಲೆ ಸಾವಿರ ಮಂದಿ ಕೂರಬಹುದು, ಅಂಥ ಚಿಕ್ಕ ಜನ. ಬೆಳಕಿಲ್ಲ, ಗಾಳಿಯಿಲ್ಲ, ಆದರೂ ದುಡಿತಕ್ಕೆ ಬಿಡುವಿಲ್ಲ. ತುಂಬೆ ಹುಲ್ಲು ನುಂಗಿದರೆ ಅವರು ಅದನ್ನು ನೆನೆಸುವರು, ಹುಳಿ ಬರಿಸುವರು, ನಾರಿನಿಂದ ಸತ್ವ ಬಿಡಿಸುವರು. ಒರಟಾಗಿ ಉಳಿದದ್ದನ್ನು "ಅವ್ವಾ, ಇನ್ನೊಂದು ಸಲ ಅಗಿ" ಎಂದು ಮೇಲಕ್ಕೆ ಕಳಿಸುವರು. ತುಂಬೆ ಕಣ್ಣು ಅರೆಮುಚ್ಚಿ ಮೆಲುಕು ಹಾಕುವಳು. ಅವರು ಬಿಡಿಸಿದ ಸತ್ವವೇ ಅವಳಿಗೆ ಊಟ, ಕರುವಿಗೆ ಹಾಲು. ಅವರು ಕೇಳುತ್ತಿದ್ದುದು ಆ ಹುಲ್ಲಿನಲ್ಲೇ ತಮ್ಮದೊಂದು ಪಾಲು, ಅಷ್ಟೇ.

ಕೊಟ್ಟಿಗೆಗೊಬ್ಬ ಪಾರುಪತ್ಯಗಾರ. ಹೆಸರು ಚೌಡರಸ. ಒಂದು ದಿನ ತುಂಬೆಯ ಹೊಟ್ಟೆ ಗುಳುಗುಳು ಅಂದದ್ದು ಅವನ ಕಿವಿಗೆ ಬಿತ್ತು.

"ಯಾರೋ ಒಳಗೆ?"

"ನಾವು ಅಯ್ಯಾ, ಹುಲ್ಲು ಬಿಡಿಸೋರು."

"ಅರಮನೆ ಹುಲ್ಲು ಮೊದಲು ತಿನ್ನೋರು ನೀವಾ? ಕಳ್ಳರಾ!"

"ನಾವು ಬಿಡಿಸದಿದ್ದರೆ ಅವ್ವನಿಗೆ ಹುಲ್ಲು ಅರಗೋದಿಲ್ಲ, ಅಯ್ಯಾ."

"ಹುಲ್ಲು ಅರಗಿಸೋದು ಯಾವ ದೊಡ್ಡ ವಿದ್ಯೆಯೋ? ನಾನೇ ಅರಗಿಸಿಯೇನು!"

ಹಾಗಂದವನೇ ರಾಜನ ಬಳಿ ಓಡಿದ. "ಪ್ರಭು, ಹಸುವಿನ ಹೊಟ್ಟೆಯಲ್ಲಿ ಕಳ್ಳರಿದ್ದಾರೆ. ಹುಲ್ಲು ನಿಲ್ಲಿಸಿ ಅರಮನೆ ಅಡುಗೆಯನ್ನೇ ಹಾಕಿದರೆ ಹಾಲು ಎರಡರಷ್ಟಾಗುತ್ತದೆ" ಎಂದ. ಎರಡರಷ್ಟು ಅಂದದ್ದೇ ತಡ, ರಾಜ ಹೂಂ ಅಂದ. ಕೊಟ್ಟಿಗೆಗೆ ಬಂದು ನೋಡಲಿಲ್ಲ, ತುಂಬೆಯನ್ನೂ ಕೇಳಲಿಲ್ಲ. ಕಿರೀಟವಿದ್ದರೆ ಸಾಕೇ? ತಲೆ ಬೇಡವೇ?

ಮೊದಲ ದಿನ ಬಾನಿ ತುಂಬ ಅನ್ನ ಸುರಿದರು. "ಅಯ್ಯಾ, ಒಂದು ಹಿಡಿ ಹುಲ್ಲು" ಅಂದರು ಒಳಗಿನವರು. "ಬಾಯಿ ಮುಚ್ಚಿ" ಅಂದ ಚೌಡರಸ.

ಎರಡನೆಯ ದಿನ ಬೆಲ್ಲದ ಹುಗ್ಗಿ. "ಅಯ್ಯಾ, ಹುಳಿ ಉಕ್ಕುತ್ತಿದೆ, ಮೈ ಸುಡುತ್ತಿದೆ, ಒಂದು ಹಿಡಿ ಹುಲ್ಲು." "ಸುಟ್ಟುಕೊಳ್ಳಿ" ಅಂದ.

ಮೂರನೆಯ ದಿನ ತುಪ್ಪದಲ್ಲಿ ಅದ್ದಿದ ಹೋಳಿಗೆ. ಈ ಸಲ ಒಳಗಿನಿಂದ ಸದ್ದೇ ಇಲ್ಲ.

"ಕಳ್ಳರು ತೊಲಗಿದರು!" ಎಂದು ಚೌಡರಸ ಮೀಸೆ ತಿರುವಿದ. ತೊಲಗಿರಲಿಲ್ಲ ಮಕ್ಕಳೇ, ಸತ್ತಿದ್ದರು. ಆ ಹುಳಿಯಲ್ಲಿ ಬೆಂದು ಸತ್ತಿದ್ದರು.

ತುಂಬೆಯ ಮೆಲುಕು ನಿಂತಿತು. ಎಡ ಪಕ್ಕೆ ತಮಟೆಯಂತೆ ಉಬ್ಬಿತು. ಹಾಲು ಬತ್ತಿತು. ಕರು ಬರಿಗೆಚ್ಚಲನ್ನು ಗುದ್ದಿ ಗುದ್ದಿ ಸೋತು ಅಲ್ಲೇ ಮಲಗಿತು.

ಆಗ ಬಂದ ರಾಜ. ಚೌಡರಸ ಏನೆಂದ ಗೊತ್ತೇ? "ಪ್ರಭು, ಈ ಹಸುವಿಗೆ ಅರಮನೆ ಊಟದ ಯೋಗ್ಯತೆ ಇಲ್ಲ. ಕಾಡಿಗೆ ಅಟ್ಟಿ ಬೇರೆ ಹಸು ತರೋಣ." ಕೊಲ್ಲುವುದನ್ನೂ ಕೊಂದು, ಯೋಗ್ಯತೆಯ ಮಾತು ಬೇರೆ!

ಕೊಟ್ಟಿಗೆಯ ಹಿಂದೆ ಒಂದು ಮೋಟುಗೋಡೆ. ಕುಂಬಾರಗಿತ್ತಿಯ ಮುದಿ ಹಸು ಕಾಳಿ ಅದರ ಮೇಲಿಂದ ಮುಖ ಚಾಚಿದಳು. ಹುಟ್ಟಿದಾಗಿನಿಂದ ಒಣಹುಲ್ಲು ಬಿಟ್ಟು ಬೇರೆ ಕಂಡವಳಲ್ಲ.

"ರಾಜಾ, ಹುಲ್ಲನ್ನು ತಾನೇ ಅರಗಿಸುತ್ತೇನೆ ಅಂತ ಇವನು ಕೊಚ್ಚಿಕೊಂಡದ್ದು ನನ್ನ ಕಿವಿಗೆ ಬಿದ್ದಿದೆ. ಅರಗಿಸಲಿ. ಅರಗಿದರೆ ತುಂಬೆಯನ್ನು ಕಾಡಿಗಟ್ಟು. ಅರಗದಿದ್ದರೆ ನಾನು ಹೇಳುವ ಮದ್ದನ್ನು ಇವನ ಕೈಯಿಂದಲೇ ಹಾಕಿಸು."

"ಏನಯ್ಯಾ, ಅಂದದ್ದು ನಿಜವೋ?" ಎಂದ ರಾಜ.

ಎಲ್ಲರೂ ನೋಡುತ್ತಿದ್ದರು. ಇಲ್ಲ ಅನ್ನಲು ಚೌಡರಸನ ಜಂಬ ಬಿಡಲಿಲ್ಲ. "ಒಂದು ಕಂತೆ ರಾಗಿ ಹುಲ್ಲು ತನ್ನಿ" ಅಂದ.

ಹಸಿಯಾಗಿ ಅಗಿದ. ಒಸಡು ಕಿತ್ತು ರಕ್ತ ಬಂತು. ಬೇಯಿಸಿ ನುಂಗಿದ. ಗಂಟಲಲ್ಲಿ ಸಿಕ್ಕಿ ಕಣ್ಣು ಮೇಲಾಯಿತು. ಅರೆದು ಕುಡಿದ. ಹೊಟ್ಟೆ ಹಿಡಿದುಕೊಂಡು, ಪಂಚೆ ಎತ್ತಿಕೊಂಡು ಹಿತ್ತಲಿಗೆ ಓಡಿದ. ಹೋದ ಹುಲ್ಲು ಹುಲ್ಲಾಗಿಯೇ ಬಂತು.

ಕಾಳಿ ಗೋಡೆಯ ಮೇಲಿಂದಲೇ ಕೇಳಿದಳು, "ಹಾಲು ಎಷ್ಟು ಕೊಟ್ಟೆಯಪ್ಪಾ?"

ಕೊಟ್ಟಿಗೆಗೆ ಕೊಟ್ಟಿಗೆಯೇ ನಕ್ಕಿತು. ರಾಜ ಮಾತ್ರ ನಗಲಿಲ್ಲ. ಹೂಂ ಅಂದದ್ದು ತಾನೇ ಅಲ್ಲವೇ? "ಮದ್ದು ಹೇಳು ತಾಯಿ" ಎಂದ.

ಕಾಳಿ ಮೆಲುಕನ್ನು ಬಾಯಿಗೆ ತಂದುಕೊಂಡು, "ಇದನ್ನು ತೆಗೆದು ತುಂಬೆಗೆ ನುಂಗಿಸು" ಅಂದಳು.

"ಅಯ್ಯೋ, ಎಂಜಲು!" ಚೌಡರಸ ಹಾರಿ ನಿಂತ. "ಬೀದಿ ಹಸುವಿನ ಎಂಜಲು ಅರಮನೆ ಹಸುವಿಗೆ?"

"ಇವತ್ತಿನ ಹಾಲಿಗೆ ನಿನ್ನೆಯ ಮೊಸರು ಬಿಡುವಾಗ ನಿನ್ನ ಮನೆಯಲ್ಲಿ ಎಂಜಲು ಅಂತಾರೇನೋ?" ಅಂದಳು ಕಾಳಿ. "ನಿನ್ನ ಹೋಳಿಗೆ ಕೊಂದಿತು. ನನ್ನ ಎಂಜಲು ಬದುಕಿಸುತ್ತದೆ. ಕೈ ಹಾಕು."

ಹಾಕಿದ. ಎಂದೂ ಸಗಣಿ ಮುಟ್ಟದ, ಉಂಗುರ ತೊಟ್ಟ ಆ ಕೈಯಿಂದ ಲೋಳೆ ಸುರಿಯುವ ಮೆಲುಕನ್ನು ಬಾಚಿ ತೆಗೆದ. ಬೊಗಸೆಯಲ್ಲಿ ಹಿಡಿದ. ಬೊಗಸೆಯೊಳಗಿನಿಂದ ಸಣ್ಣ ದನಿ ಬಂತು: "ಮೆಲ್ಲಗೆ ಅಯ್ಯಾ, ನಮ್ಮನ್ನು ಚೆಲ್ಲಬೇಡಿ."

ಕಳ್ಳರು ಅಂದಿದ್ದನಲ್ಲ? ಅವರನ್ನೇ ಹೊತ್ತು ತಲೆತಗ್ಗಿಸಿ ನಡೆದ.

ಮೊದಲ ಬೊಗಸೆಗೆ ತುಂಬೆ ಕಣ್ಣು ತೆರೆದಳು. ಎರಡನೆಯದಕ್ಕೆ ಪಕ್ಕೆ ಇಳಿಯಿತು. ಮೂರನೆಯದಕ್ಕೆ ಒಳಗೆಲ್ಲೋ ಗುಳುಕ್ ಅಂದಿತು. ರಾಜ ತಾನೇ ಬಗ್ಗಿ ಒಂದು ಹಿಡಿ ಒಣಹುಲ್ಲು ಕೊಟ್ಟ. ತುಂಬೆ ಮೆಲುಕು ಹಾಕಿದಳು. ದಿನ ಕಳೆದಂತೆ ಕೆಚ್ಚಲು ತುಂಬಿತು, ಕರುವಿನ ಮೂತಿಗೆ ನೊರೆ ಅಂಟಿತು. ಚೌಡರಸನಿಗೆ ಅಂದಿನಿಂದ ಹುಲ್ಲು ಹೊರುವ ಕೆಲಸ.

ಕಣ್ಣಿಗೆ ಕಾಣದೆ ದುಡಿಯುವವರನ್ನು ಕಳ್ಳರು ಅನ್ನಬೇಡಿ. ಅವರ ಪಾಲನ್ನು ಕಸಿದುಕೊಂಡವನು ತನ್ನ ಮನೆಯ ಹಾಲನ್ನೇ ಬತ್ತಿಸಿಕೊಳ್ಳುತ್ತಾನೆ. ಇದೇ ಈ ಕಥೆಯ ನೀತಿ.

ಸತ್ತ ಊರನ್ನೇ ಎಬ್ಬಿಸಿತಲ್ಲ ಆ ಮೂರು ಬೊಗಸೆ ಮೆಲುಕು, ಅದೂ ಹಾಲಿಗೆ ಬಿಡುವ ಆ ತೊಟ್ಟಿನ ಹಾಗೇ... ಹೆಪ್ಪು! ಬಂತು ನೋಡಿ. ಹೆಪ್ಪು ಅನ್ನುತ್ತಿದ್ದಳು ನಮ್ಮವ್ವ. ಸಿಂಚನಾ, ಪೆನ್ನು ತಗೊಳ್ಳೇ ಪುಟ್ಟೀ. ಜಾರಿಹೋಗುವ ಮೊದಲು ಬರೆದುಕೋ.