ಬಾಗಿಲು ಹಾಕಿಕೊಂಡು ತಿಂದ ಅವಲಕ್ಕಿ

"ಗುರುಗಳೇ, ಪರದೇಶಕ್ಕೆ ಹೋದಾಗ ಸಸ್ಯಾಹಾರದ ನಿಯಮ ಉಳಿಸಿಕೊಳ್ಳುವುದು ಹೇಗೆ?"

ಹೀಗೆ ಕೇಳಿದವನು ಶಾಂತವೀರ. ಸಮುದ್ರದಾಚೆಯ ಒಂದು ದೇಶದಲ್ಲಿ ಪಾಠ ಹೇಳಲು ಅವನಿಗೆ ಕರೆ ಬಂದಿತ್ತು. ಗುರುಗಳ ಆಶೀರ್ವಾದ ಪಡೆದು ಮಠದಿಂದಲೇ ಹೊರಡುವವನಾದ್ದರಿಂದ ಪೆಟ್ಟಿಗೆಯೂ ಜೊತೆಯಲ್ಲಿತ್ತು. ಅದರ ತುಂಬ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ. "ಇದು ಇರುವವರೆಗೆ ನಾನು ಯಾರ ಮನೆಯ ಅಡುಗೆಯನ್ನೂ ಮುಟ್ಟಬೇಕಾಗಿಲ್ಲ. ಮುಗಿದ ಮೇಲೆ ಏನು ಗತಿ ಎಂಬುದೇ ಚಿಂತೆ" ಎಂದ.

ಗುರುಗಳು ಪೆಟ್ಟಿಗೆಯೊಳಗೆ ಇಣುಕಿದರು. ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು. "ಹದವಾಗಿದೆ. ಆದರೆ ಹೊರಟಿರುವುದು ನೀನೋ ನಿನ್ನ ಅಡುಗೆಮನೆಯೋ ತಿಳಿಯಲಿಲ್ಲ. ಕೂತುಕೋ, ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ" ಎಂದು ಶುರು ಮಾಡಿದರು.

ಒಬ್ಬ ಕರಿಮೆಣಸಿನ ವ್ಯಾಪಾರಿ ಇದ್ದ. ಒಳ್ಳೆಯವನು. ಮೀನು ಮಾಂಸ ಮುಟ್ಟಿದವನಲ್ಲ. ನನ್ನ ಹೊಟ್ಟೆಗಾಗಿ ಒಂದು ಜೀವವೂ ನೋಯಬಾರದು ಎಂಬುದು ಅವನ ನಿಯಮ. ಚಿಕ್ಕಂದಿನಿಂದ ಅದನ್ನು ತಪ್ಪದೆ ನಡೆಸಿಕೊಂಡು ಬಂದಿದ್ದ.

ಒಮ್ಮೆ ಅವನು ಹಡಗು ಹತ್ತಿ ದೂರದ ಒಂದು ದ್ವೀಪಕ್ಕೆ ಹೋದ. ಅದು ಮೀನುಗಾರರ ಊರು. ಛತ್ರವಿಲ್ಲ, ಖಾನಾವಳಿಯಿಲ್ಲ. ಹಡಗಿನಿಂದ ಇಳಿದವರನ್ನು ಒಂದೊಂದು ಮನೆಯವರು ಕರೆದುಕೊಂಡು ಹೋಗುವುದು ಅಲ್ಲಿಯ ವಾಡಿಕೆ. ಈ ವ್ಯಾಪಾರಿಯನ್ನು ಒಬ್ಬ ಮುದುಕಿ ಕರೆದೊಯ್ದಳು. ಮನೆಯಲ್ಲಿ ಅವಳೊಬ್ಬಳೇ. ತೀರಿಕೊಂಡ ಗಂಡ ನಮ್ಮ ಕಡೆಯ ಹಡಗುಗಳಲ್ಲಿ ದುಡಿದವನಾದ್ದರಿಂದ ಅವಳಿಗೆ ನಮ್ಮ ಮಾತು ಅಷ್ಟಿಷ್ಟು ಬರುತ್ತಿತ್ತು.

ಸಂಜೆ ಒಲೆ ಹೊತ್ತಿತು. ಮೀನಿನ ವಾಸನೆ ಬಂತು. ಅದು ತನಗಾಗಿಯೇ ಎಂದು ವ್ಯಾಪಾರಿಗೆ ತಿಳಿಯಿತು. ನಾನು ಇದನ್ನು ತಿನ್ನುವುದಿಲ್ಲ ಎಂದು ಹೇಳಿದ್ದರೆ ಆಗುತ್ತಿತ್ತು. ಆದರೆ ನಮ್ಮವರ ದಾಕ್ಷಿಣ್ಯ ನಿನಗೆ ಗೊತ್ತಲ್ಲ. ಬೇಡವಾದ ಊಟವನ್ನು ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಈಗಷ್ಟೇ ಊಟವಾಯಿತು ಎಂದುಬಿಡುತ್ತೇವೆ. ಅವನೂ ಹೊಟ್ಟೆ ಸವರಿಕೊಂಡು, ಹಡಗಿನಲ್ಲೇ ಉಂಡೆ, ಹಸಿವಿಲ್ಲ ಎಂದ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಗಂಟು ಬಿಚ್ಚಿ ಅವಲಕ್ಕಿ ತಿಂದ. ನಿಯಮ ಉಳಿಯಿತು ಎಂದು ನೆಮ್ಮದಿಯಿಂದ ಮಲಗಿದ.

ಮರುದಿನ ಬೆಳಿಗ್ಗೆಯೂ ಅದೇ ಮಾತು, ಮಧ್ಯಾಹ್ನವೂ ಅದೇ ಮಾತು. ಮುದುಕಿ ಬಡಿಸಲು ಬರುವಳು, ಇವನು ಹೊಟ್ಟೆ ಸವರಿಕೊಳ್ಳುವನು. ಒಮ್ಮೆ ಹಡಗಿನವರ ಜೊತೆ ಉಂಡೆ ಎನ್ನುವನು, ಒಮ್ಮೆ ಅಜೀರ್ಣ ಎನ್ನುವನು. ಸತ್ಯವಂತನಿಗೂ ಸುಳ್ಳು ಬೇಗ ರೂಢಿಯಾಗುತ್ತದೆ, ನೋಡು.

ಅದರ ಮಾರನೆಯ ದಿನ ಅವನು ನೀರು ಕೇಳಲು ಅಡುಗೆಮನೆಯತ್ತ ಬಂದ. ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಅವನನ್ನು ಕಂಡು ಏಳಲು ಹೋಗಿ ಮತ್ತೆ ಕೂತಳು. ಮಾಡಿದ ಅಡುಗೆ ಮಾಡಿದ ಹಾಗೆಯೇ ಇತ್ತು.

"ಯಾಕಮ್ಮಾ, ಮೈ ಸರಿಯಿಲ್ಲವೇ? ಊಟ ಮಾಡಲಿಲ್ಲವೇ?" ಎಂದು ವ್ಯಾಪಾರಿ ಕೇಳಿದ.

"ಬಂದವರು ಉಣ್ಣದೆ ಮನೆಯವರು ಉಣ್ಣುವುದು ನಮ್ಮಲ್ಲಿಲ್ಲ, ಮಗಾ. ನೀನು ಬಂದ ದಿನದಿಂದ, ನಿನಗೆ ಹಸಿವಾಗಲಿ ಎಂದು ಕಾಯುತ್ತಿದ್ದೇನೆ" ಎಂದಳು ಮುದುಕಿ.

ವ್ಯಾಪಾರಿಗೆ ತಲೆ ಎತ್ತಲಾಗಲಿಲ್ಲ. ಅಳು ಬಂತು. ಅಲ್ಲೇ ನೆಲದ ಮೇಲೆ ಕೂತು, "ಅಮ್ಮಾ, ನನಗೆ ಹಸಿವಿದೆ. ಆದರೆ ನಾನು ಮೀನು ಮಾಂಸ ತಿನ್ನುವವನಲ್ಲ. ಹೇಳಲು ಸಂಕೋಚವಾಯಿತು" ಎಂದ.

ಮುದುಕಿ ನಕ್ಕಳು. "ಇಷ್ಟೇಯೇನೋ, ಪುಣ್ಯಾತ್ಮ? ಮೊದಲೇ ಹೇಳಬಾರದಿತ್ತೇ?"

ಅವಳು ಕೂತಲ್ಲಿಂದಲೇ ಹೇಳಿಕೊಟ್ಟಳು, ಅವನು ಮಾಡಿದ. ಮನೆಯಲ್ಲಿ ಬೇರೆ ಮಡಕೆ ಇರಲಿಲ್ಲ. ಮೀನು ಬೇಯಿಸಿದ ಮಡಕೆಯನ್ನೇ ಬೂದಿ ಹಾಕಿ ತಾನೇ ತಿಕ್ಕಿದ. ಹಿತ್ತಲಿನಲ್ಲಿ ಗೆಣಸು ಅಗೆದ, ನುಗ್ಗೆಸೊಪ್ಪು ಬಿಡಿಸಿದ, ತೆಂಗಿನಕಾಯಿ ತುರಿದ. ತನ್ನ ಮೂಟೆಯಿಂದ ಒಂದಿಷ್ಟು ಮೆಣಸು ತಂದು ಕುಟ್ಟಿ ಹಾಕಿದ. ಅವನು ಮೊದಲ ತುತ್ತು ನುಂಗುವುದನ್ನು ನೋಡಿಯೇ ಮುದುಕಿ ತನ್ನ ತುತ್ತು ಎತ್ತಿದಳು. ಮೆಣಸಿನ ಖಾರಕ್ಕೆ ಅವಳ ಮೂಗಿನಲ್ಲಿ ನೀರು ಬಂತು. ಆದರೂ ಇನ್ನಷ್ಟು ಬಡಿಸಿಕೊಂಡಳು. ಮಡಕೆ ಬರಿದಾಗುವವರೆಗೆ ಇಬ್ಬರೂ ಉಂಡರು.

ಆಮೇಲೆ ಅವನು ಎಷ್ಟೋ ದೇಶ ಸುತ್ತಿದ. ದಡ ಮುಟ್ಟಿದ ಕೂಡಲೇ ಆ ಊರಿನ ಭಾಷೆಯಲ್ಲಿ ಒಂದು ಮಾತನ್ನು ಮೊದಲು ಕಲಿಯುತ್ತಿದ್ದ. ನಾನು ಮೀನು ಮಾಂಸ ತಿನ್ನುವುದಿಲ್ಲ, ಬೇರೆ ಏನು ಕೊಟ್ಟರೂ ಸಂತೋಷ ಎಂಬ ಮಾತು. ಎಲ್ಲಿಯೂ ಅವನು ಉಪವಾಸ ಬೀಳಲಿಲ್ಲ. ಒಂದು ಕಡೆ ರೊಟ್ಟಿ ಬೆಣ್ಣೆ ಸಿಕ್ಕಿತು, ಇನ್ನೊಂದು ಕಡೆ ಬೇಯಿಸಿದ ಕಾಳು. ಹೆಸರೇ ಗೊತ್ತಿಲ್ಲದ ಸೊಪ್ಪುಗಳನ್ನು ಕೇಳಿ ಕೇಳಿ ಬಡಿಸಿಕೊಂಡ. ಗಂಟಿನಲ್ಲಿ ಚಟ್ನಿಪುಡಿ ಮಾತ್ರ ಇರುತ್ತಿತ್ತು, ಅದೂ ಮನೆಯವರಿಗೆ ರುಚಿ ತೋರಿಸಲಿಕ್ಕೆ. ಪ್ರತಿ ಸಲವೂ ಮೈಕೈ ತುಂಬಿಕೊಂಡೇ ಊರಿಗೆ ಮರಳುತ್ತಿದ್ದ.

ಕತೆ ಮುಗಿಸಿ ಗುರುಗಳು ಇನ್ನೊಂದು ಕೋಡುಬಳೆಗೆ ಕೈ ಹಾಕಿದರು. ಶಾಂತವೀರನಿಗೆ ಸಮಾಧಾನವಾಗಲಿಲ್ಲ.

"ಆದರೆ ಗುರುಗಳೇ, ಅದು ಮೀನು ಬೇಯಿಸಿದ ಮಡಕೆಯಲ್ಲವೇ? ಒಂದು ಜೀವವೂ ನೋಯಬಾರದು ಎಂಬ ಅವನ ನಿಯಮ ಮುರಿಯಲಿಲ್ಲವೇ?"

ಗುರುಗಳು ಪೆಟ್ಟಿಗೆಯ ಮುಚ್ಚಳ ಹಾಕಿ ಅವನತ್ತ ಸರಿಸಿದರು.

"ಮುರಿಯಿತಪ್ಪಾ, ಬಾಗಿಲು ಹಾಕಿಕೊಂಡು ಅವಲಕ್ಕಿ ತಿಂದ ದಿನವೇ ಮುರಿಯಿತು."