ಗಾಣಿಗನ ಉಪವಾಸ

"ಮಗು ಮಾಡಿದ ತಪ್ಪನ್ನು ಹೆತ್ತವರಿಗೆ ಹೇಳಬೇಕೋ ಬೇಡವೋ, ಗುರುಗಳೇ?" ಎಂದು ಕೊಟ್ರಯ್ಯ ಕೇಳಿದ.

ಕೇಳಿದ ಮೇಲೆ, ಇಷ್ಟು ಓದಿದವನು ಕೇಳುವ ಪ್ರಶ್ನೆಯೇ ಇದು ಎಂದು ಅವನಿಗೇ ಸಂಕೋಚವಾಯಿತು. ಮರುದಿನ ಬೆಳಿಗ್ಗೆ ಅವನು ಹೊಳೆಯಾಚೆಯ ಊರಿಗೆ ಹೊರಡಬೇಕಿತ್ತು. ಅಲ್ಲಿನ ಮಠದ ಶಾಲೆಯ ಮಕ್ಕಳನ್ನು ಗುರುಗಳು ಅವನಿಗೆ ಒಪ್ಪಿಸುವವರಿದ್ದರು. ಪಾಠ ಹೇಳುವುದಕ್ಕೆ ಅವನಿಗೆ ಭಯವಿರಲಿಲ್ಲ. ಭಯವಿದ್ದದ್ದು ತಂದೆತಾಯಂದಿರದು. ಹೋದ ವಾರ ಊರು ನೋಡಿಕೊಂಡು ಬರಲು ಹೋದಾಗ ಒಬ್ಬ ತಂದೆ ಅವನ ಕೈ ಹಿಡಿದು, ಮಗ ಏನೇ ಮಾಡಿದರೂ ಬಂದು ತಿಳಿಸಿ ಎಂದಿದ್ದ. ಅದೇ ಓಣಿಯ ಒಬ್ಬ ತಾಯಿ, ಮಗಳು ಏನೇ ಮಾಡಿದರೂ ಅವಳ ಅಪ್ಪನ ಕಿವಿಗೆ ಹಾಕಬೇಡಿ ಎಂದು ಕೈ ಮುಗಿದಿದ್ದಳು. ಕೊಟ್ರಯ್ಯ ಇಬ್ಬರಿಗೂ "ಆಗಲಿ" ಎಂದು ಬಂದಿದ್ದ. ಅಂದಿನಿಂದ ಅವನ ಮನಸ್ಸಿಗೆ ನೆಮ್ಮದಿಯಿಲ್ಲ.

"ಇಬ್ಬರಿಗೂ ಆಗಲಿ ಅಂದೆಯಾ?" ಗುರುಗಳು ನಕ್ಕುಬಿಟ್ಟರು. "ಹಾಗಾದರೆ ನಿನ್ನ ಮೇಷ್ಟ್ರಗಿರಿ ಆಗಲೇ ಶುರುವಾಯಿತು. ಕೂತುಕೋ."

ಅವನು ಕೂತ ಮೇಲೆ ಅವರು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಂದು ಕೂಲಿಮಠ. ಮನೆಮನೆಯವರು ಕೊಡುವ ಕಾಳುಕಡಿಯ ಮೇಲೆ ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆ ಅದು. ಪಾಠ ಹೇಳುವ ಐಗಳು ಒಬ್ಬರೇ. ಹಲಗೆಯಿಲ್ಲ, ಬಳಪವಿಲ್ಲ. ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ತಿದ್ದಬೇಕು.

ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಮನೆಗೆ ಬಿಡುವ ಮುಂಚೆ ಪ್ರತಿಯೊಂದು ಮಗುವೂ ಆ ದಿನ ತಾನು ಮಾಡಿದ ತಪ್ಪನ್ನು ಮರಳಿನ ಮೇಲೆ ಬರೆಯಬೇಕು. ಐಗಳು ಒಬ್ಬೊಬ್ಬರ ಮುಂದೂ ಕುಕ್ಕರುಗಾಲಿನಲ್ಲಿ ಕೂತು ಓದುವರು. ಬೈಯುವುದೂ ಉಂಟು, ಕದ್ದದ್ದನ್ನು ಈಗಲೇ ಕೊಟ್ಟು ಬಾ ಎಂದು ಅಟ್ಟುವುದೂ ಉಂಟು. ಆಮೇಲೆ ತಮ್ಮ ಅಂಗೈಯಿಂದಲೇ ಮರಳನ್ನು ಸವರಿಬಿಡುವರು. ಒಬ್ಬರ ಮರಳನ್ನು ಇನ್ನೊಬ್ಬರು ನೋಡುವಂತಿರಲಿಲ್ಲ. ಸವರಿದ ಮೇಲೆ ಆ ಮಾತನ್ನು ಮತ್ತೆ ಯಾರೂ ಎತ್ತುತ್ತಿರಲಿಲ್ಲ.

ಆ ಊರಿನ ಒಬ್ಬ ಗಾಣಿಗನ ಮಗ ಅಲ್ಲಿ ಕಲಿಯುತ್ತಿದ್ದ. ತಾಯಿಯಿಲ್ಲದ ಹುಡುಗ. ಚುರುಕು, ಅದಕ್ಕಿಂತ ಹೆಚ್ಚು ತುಂಟ. ಒಂದು ದಿನಕ್ಕೊಂದು ತಪ್ಪು ಎಂಬ ಲೆಕ್ಕ ಅವನಿಗೆ ಸಾಲುತ್ತಿರಲಿಲ್ಲ. "ಪಕ್ಕದವನ ಜುಟ್ಟನ್ನು ಕಂಬಕ್ಕೆ ಕಟ್ಟಿದೆ" ಎಂದು ದೊಡ್ಡದಾಗಿ ಬರೆದು, ಕೆಳಗೆ ಚಿಕ್ಕ ಅಕ್ಷರದಲ್ಲಿ "ನಿಮ್ಮ ಕೋಲು ಅಡಗಿಸಿದವನೂ ನಾನೇ" ಎಂದು ಸೇರಿಸುತ್ತಿದ್ದ. ಐಗಳಿಗೆ ಅವನಿಂದ ದಿನವೆಲ್ಲ ತಲೆನೋವು. ಆದರೂ ಸಂಜೆ ಅವನ ಮರಳು ಓದುವಾಗ ಅವರ ಮೀಸೆಯಡಿ ನಗು ಇರುತ್ತಿತ್ತು.

ಒಂದು ದಿನ ಗಾಣಿಗ ಬಂದ.

"ಅಯ್ಯನೋರೆ, ನನ್ನ ಮಗನ ಮರಳು ಅಳಿಸೋಕೆ ಮುಂಚೆ ನಂಗೊಂದು ಸಲ ತೋರಿಸಿ. ತಾಯಿಲ್ಲದ ಕೂಸು. ಅದು ದಾರಿ ತಪ್ಪಿದರೆ ಊರು ಯಾರನ್ನ ಅಂತದೆ? ನನ್ನೇ. ಗಾಣದ ಮುಂದೆ ಕೂತರೂ ಇದೇ ಯೋಚನೆ ನಂಗೆ."

ಐಗಳು ಗೊಂದಲಕ್ಕೆ ಬಿದ್ದರು. ತೋರಿಸಿದರೆ ಪದ್ಧತಿ ಕೆಡುತ್ತದೆ. ತೋರಿಸದಿದ್ದರೆ, ಹೆತ್ತವನಿಗಿಲ್ಲದ ಹಕ್ಕು ತಮಗೆ ಎಲ್ಲಿಂದ ಬಂತು? ಗಾಣಿಗ ಹೊಡೆಯುವ ಆಸಾಮಿಯಲ್ಲ, ಬೈಯುವವನೂ ಅಲ್ಲ. ಮೈಯೆಲ್ಲ ಎಣ್ಣೆ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ ಅವನನ್ನು ನೋಡಿ ಅವರಿಗೆ ಇಲ್ಲವೆನ್ನಲಾಗಲಿಲ್ಲ. "ಆಗಲಿ" ಎಂದರು.

ಕತೆ ಇಲ್ಲಿಗೆ ಬಂದಾಗ ಕೊಟ್ರಯ್ಯ ತಲೆ ತಗ್ಗಿಸಿದ. ಗುರುಗಳು ಅದನ್ನು ಕಂಡೂ ಕಾಣದವರಂತೆ ಮುಂದುವರಿಸಿದರು.

ಗಾಣಿಗ ಅಂದೇ ಸಂಜೆ ಬಂದು ಓದಿದ. "ಮಧ್ಯಾಹ್ನ ಮಠ ತಪ್ಪಿಸಿ ಕೆರೆಗೆ ಹೋದೆ" ಎಂದಿತ್ತು. ಮನೆಗೆ ಹೋಗಿ ಮಗನಿಗೆ ಬಡಿಸಿದ, ತಾನು ಬಡಿಸಿಕೊಳ್ಳಲಿಲ್ಲ. "ನೀನು ತಪ್ಪಿದ ದಿನ ನಂಗೆ ಅನ್ನ ಇಳಿಯಲ್ಲ ಮಗಾ" ಎಂದು ಗೋಡೆಗೆ ಒರಗಿ ಕೂತ. ಮರುದಿನ ಮರಳಿನ ಮೇಲೆ ಇನ್ನೊಂದು ತಪ್ಪು, ಮನೆಯಲ್ಲಿ ಇನ್ನೊಂದು ಉಪವಾಸ. ಮೂರನೆಯ ದಿನ ತಂದೆ ಹೊಟ್ಟೆಗಿಲ್ಲದೆ ಗಾಣದ ಎತ್ತಿನ ಹಿಂದೆ ತೂರಾಡುವುದನ್ನು ಹುಡುಗ ನೋಡಿದ.

ಅಂದು ಸಂಜೆ ಅವನ ಮರಳಿನ ಮೇಲೆ "ಇವತ್ತು ಏನೂ ಇಲ್ಲ" ಎಂದಿತ್ತು. ಮರುದಿನವೂ ಅದೇ. ತಿಂಗಳು ಕಳೆದರೂ ಅದೇ.

ಗಾಣಿಗನ ಮುಖಕ್ಕೆ ಕಳೆ ಬಂತು. ಮಗ ತಿದ್ದಿಕೊಂಡನೆಂದು ಐಗಳ ಮನೆಗೆ ಒಂದು ಕುಡಿಕೆ ಎಣ್ಣೆ ತಂದುಕೊಟ್ಟ. ಐಗಳಿಗೆ ಮಾತ್ರ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಹುಡುಗ ನಿಜವಾಗಿ ಒಳ್ಳೆಯವನಾದನೇ? ಆಗಿದ್ದರೆ ಅವನು ತಮ್ಮ ಮುಖ ನೋಡುವುದನ್ನೇಕೆ ಬಿಟ್ಟ? ಕೇಳಿದರೆ "ಏನಿಲ್ಲ ಅಯ್ಯನೋರೆ" ಎನ್ನುವನು. ಅವರ ಕೋಲು ಈಗ ಇಟ್ಟ ಜಾಗದಲ್ಲೇ ಇರುತ್ತಿತ್ತು. ಅದೇ ಅವರಿಗೊಂದು ಚಿಂತೆಯಾಯಿತು. ಈ ಮಾತನ್ನು ಐಗಳು ಬಹಳ ವರ್ಷಗಳ ಮೇಲೆ ತಾವೇ ಬಾಯಿಬಿಟ್ಟು ಹೇಳಿದರು.

ಒಂದು ಮಧ್ಯಾಹ್ನ ಗಾಣಿಗ ಓಡೋಡಿ ಬಂದ. ಹುಡುಗ ಬೆಳಿಗ್ಗೆ ಮಠಕ್ಕೆ ಬಂದಿರಲಿಲ್ಲ. ಹೊತ್ತೇರಿದ ಮೇಲೆ ಮನೆ ಸೇರಿದವನು ಒಂದೇ ಸಮನೆ ವಾಂತಿ ಮಾಡಿಕೊಳ್ಳುತ್ತಿದ್ದ. ಐಗಳು ಹೋದಾಗ ಮದ್ದು ಕೊಡುವ ಪಂಡಿತರು ಚಾಪೆಯ ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದರು.

"ಹಳಸಿದ್ದು ತಿಂದಿದ್ದರೆ ಭೇದಿಗೆ ಕೊಟ್ಟು ಹೊರಗೆ ತೆಗೆಸಬೇಕು. ವಿಷದ ಬೀಜ ತಿಂದಿದ್ದರೆ ಅದೇ ಮದ್ದು ಜೀವ ತೆಗೀತದೆ. ಏನು ತಿಂದ ಅನ್ನೋದು ತಿಳೀದೆ ನಾನು ಕೈ ಹಾಕೋದಿಲ್ಲ" ಎಂದರು.

"ಏನು ತಿಂದೆ ಹೇಳಪ್ಪಾ, ನಾನೇನೂ ಅನ್ನಲ್ಲ" ಎಂದು ಗಾಣಿಗ ಮಗನ ಕಾಲು ಹಿಡಿದುಕೊಂಡು ಬೇಡಿದ. ಹುಡುಗ ತಂದೆಯ ಕಳೆಗುಂದಿದ ಮುಖವನ್ನು ನೋಡಿದ. "ಏನೂ ತಿಂದಿಲ್ಲ" ಎಂದ.

ಐಗಳು ಬಂದ ದಾರಿಯಲ್ಲೇ ಮಠಕ್ಕೆ ಓಡಿದರು. ಪಂಚೆಯ ಮಡಿಲಲ್ಲಿ ಮರಳು ತುಂಬಿಕೊಂಡು ಬಂದು ಮೊರಕ್ಕೆ ಸುರಿದು, ಹುಡುಗನ ಕೈಗೆ ಎಟಕುವಂತೆ ಇಟ್ಟರು. ಗಾಣಿಗನಿಗೆ ಹೊರಗೆ ಹೋಗು ಎಂದರು.

"ನನ್ನ ಮಗ ಸಾಯ್ತಾ ಅವ್ನೆ, ನಾನು ಹೊರಗೆ ಹೋಗ್ಲಾ?" ಎಂದು ಗಾಣಿಗ ಕೂಗಾಡಿದ. ಐಗಳು ಅವನ ರಟ್ಟೆ ಹಿಡಿದು ಹೊಸ್ತಿಲು ದಾಟಿಸಿ ಕದ ಹಾಕಿಕೊಂಡರು. ಹಾಗೆ ಮಾಡಬಹುದೋ ಬಾರದೋ ಎಂಬುದು ಆ ಗಳಿಗೆಯಲ್ಲೂ ಅವರಿಗೆ ಗೊತ್ತಿರಲಿಲ್ಲ.

ಹುಡುಗ ಮಲಗಿದಲ್ಲಿಂದಲೇ ಬರೆದ. "ಮಠ ತಪ್ಪಿಸಿದೆ. ಬೇಲಿಯ ಮರಹರಳು ಬೀಜ ತಿಂದೆ. ಅಪ್ಪ ಊಟ ಮಾಡಲಿ."

ಐಗಳು ಆ ವಿಷದ ಬೀಜದ ಹೆಸರನ್ನಷ್ಟೇ ಪಂಡಿತರಿಗೆ ಹೇಳಿ ಮರಳು ಸವರಿದರು. ಪಂಡಿತರು ಬೇರೆ ಮದ್ದು ಅರೆದರು. ಸಂಜೆಯ ಹೊತ್ತಿಗೆ ಹುಡುಗ ಗಂಜಿ ಕೇಳಿದ.

ಎಂಟು ದಿನದ ಮೇಲೆ ಗಾಣಿಗ ಮಗನನ್ನು ಕರೆದುಕೊಂಡು ಮಠಕ್ಕೆ ಬಂದ. "ನಾನೇನು ತಪ್ಪು ಮಾಡ್ದೆ ಅಯ್ಯನೋರೆ? ಹೊಡೀಲಿಲ್ಲ, ಬೈಲಿಲ್ಲ. ನನ್ನ ಹೊಟ್ಟೆ ನಾನು ಕಟ್ಟಿದೆ, ಅಷ್ಟೇ. ಸಾಯೋ ಹೊತ್ತಲ್ಲೂ ನಂಗೆ ಹೇಳಲಿಲ್ಲವಲ್ಲ ಇವನು" ಎಂದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ.

ಮರಳು ತೋರಿಸಿದವರು ಐಗಳೇ. ತಮ್ಮ ಮುಂದೆ ಒಂದಿಷ್ಟು ಮರಳು ಎಳೆದುಕೊಂಡು ಮೊದಲು ತಾವು ಏನೋ ಬರೆದರು, ತಾವೇ ಅಳಿಸಿದರು. ಆಮೇಲೆ ಗಾಣಿಗನ ಮುಂದೆ ಮರಳು ಹರಡಿದರು. ಗಾಣಿಗ ಕೂತ. ಬಹಳ ಹೊತ್ತು ಬರೆದ. ಐಗಳು ಓದಿ, ಅಂಗೈಯಿಂದ ಮೆಲ್ಲಗೆ ಸವರಿದರು.

ಅಂದಿನಿಂದ ಗಾಣಿಗ ಮಗನ ಮರಳು ನೋಡಲು ಬರಲಿಲ್ಲ. ವಾರಕ್ಕೊಂದು ಸಲ ಬಂದು ಐಗಳ ಜೊತೆ ಜಗುಲಿಯ ಮೇಲೆ ಕೂತು, ತನ್ನ ದಿಗಿಲನ್ನೆಲ್ಲ ಹೇಳಿಕೊಂಡು ಹೋಗುತ್ತಿದ್ದ. ಮನೆಗೆ ಹೋಗಿ ಮಗನ ಜೊತೆ ಕೂತು ಉಣ್ಣುತ್ತಿದ್ದ. ಹುಡುಗ ಮತ್ತೆ ಬರೆಯತೊಡಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕೊಟ್ರಯ್ಯನ ತಲೆ ಮೊದಲಿಗಿಂತ ಹೆಚ್ಚು ಕಲಸಿಹೋಯಿತು. ಮರಳು ತೋರಿಸಿದ್ದು ತಪ್ಪಾದರೆ ಬೀಜದ ಹೆಸರು ಹೇಳಿದ್ದು ಹೇಗೆ ಸರಿ? ಬಾಗಿಲ ಹೊರಗೆ ನಿಂತ ತಂದೆಗೆ ಆ ಹೊತ್ತು ಏನಾಗಿರಬೇಡ? ಉಪವಾಸ ಕೂತದ್ದು ಪ್ರೀತಿಯೋ, ಹೊಡೆತಕ್ಕಿಂತ ದೊಡ್ಡ ಹೊಡೆತವೋ? ತಿಳಿಸಿ ಎಂದ ಆ ತಂದೆಗೆ, ತಿಳಿಸಬೇಡಿ ಎಂದ ಆ ತಾಯಿಗೆ ನಾಳೆ ತಾನು ಏನೆನ್ನಬೇಕು? ಒಂದೂ ಬಿಡಿಸಿಕೊಳ್ಳಲಿಲ್ಲ. ಗಾಣಿಗ ಬರೆದದ್ದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಂಡೀತು ಎಂದು ಅವನಿಗೆ ತೋರಿತು.

"ಗುರುಗಳೇ, ಹುಡುಗ ಬರೆದದ್ದನ್ನೆಲ್ಲ ಹೇಳಿದಿರಿ. ಗಾಣಿಗ ಏನು ಬರೆದ ಎನ್ನುವುದನ್ನು ಹೇಳಲೇ ಇಲ್ಲ."

ಗುರುಗಳು ಹೇಳಿದರು:

"ನಾನು ಬರೆದದ್ದನ್ನು ನಾನು ಹೇಳಿದೆ ಕೊಟ್ರಯ್ಯ, ನನ್ನ ಅಪ್ಪ ಬರೆದದ್ದನ್ನು ಹೇಳಲು ನಾನು ಯಾರು?"